ಹಾಜರಿ ಪುಸ್ತಕದಲ್ಲಿ ಇಲ್ಲದವಳು

ಒಂಬತ್ತು ವರ್ಷ ನಾನು ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಹಾಜರಿ ಕರೆದವಳು. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಹಂಚಿನ ಮಾಡಿನ ಉದ್ದನೆಯ ಕಟ್ಟಡ. ಬೆಳಿಗ್ಗೆ ಎಂಟಕ್ಕೆ ಬಾಗಿಲ ಪಕ್ಕದ ಮೇಜಿನಲ್ಲಿ ಕುಳಿತು ನೂರಕ್ಕೂ ಹೆಚ್ಚು ಹೆಂಗಸರ ಹೆಸರು ಕರೆಯುತ್ತಿದ್ದೆ. ಒಳಗಿನಿಂದ "ಹಾಂ" ಎಂದೋ "ಬಂದಿದ್ದೇನೆ" ಎಂದೋ ಕೇಳಿದರೆ ಪುಸ್ತಕದಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಏಳೇ ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ತಲೆ ಎತ್ತಿದರೆ ತಡವಾಗುತ್ತದೆಂದು ಎತ್ತುತ್ತಿರಲಿಲ್ಲ. ಆ ವೇಗದ ಬಗ್ಗೆ ನನಗೆ ಜಂಬವೇ ಇತ್ತು.

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಲ್ಲರೆ ಕೊಡದ ಕಂಡಕ್ಟರನೊಡನೆ, ಹಳಸಿದ ಮೀನನ್ನು ತಾಜಾ ಎಂದು ಕೊಟ್ಟವಳೊಡನೆ, ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದ ನೆಂಟರೊಡನೆ ಚೆನ್ನಾಗಿ ಜಗಳವಾಡಿದ್ದೇನೆ. ಬಾಯಿ ತೆರೆಯಲೇಬೇಕಾಗಿದ್ದ ಒಂದು ದಿನ ಮಾತ್ರ ಮುಚ್ಚಿಕೊಂಡೆ. ಈಗ ಬರೆಯಲು ಕುಳಿತದ್ದು ಆ ಒಂದು ದಿನದ ದೆಸೆಯಿಂದ.

ನಮ್ಮ ಮನೆ ಅಲೆವೂರಿನಲ್ಲಿ. ದಿನಾ ಎರಡು ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಿದ್ದೆ. ಉಡುಪಿ ಬೇರೆ ಜಿಲ್ಲೆಯಾಗಿ ಆಗ ಒಂದೆರಡು ವರ್ಷವಾಗಿತ್ತಷ್ಟೆ. ನಾವು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರಾದ ಕಾರಣ ಕಾರ್ಖಾನೆಯ ಹೆಂಗಸರೆಲ್ಲ ನನ್ನನ್ನು ಬಾಯಮ್ಮ ಎಂದು ಕರೆಯುತ್ತಿದ್ದರು. ಅಪ್ಪ ತೀರಿಕೊಂಡಿದ್ದರು. ಗಲ್ಫಿಗೆ ಹೋಗಿದ್ದ ಅಣ್ಣ ಕಂಪೆನಿ ಮುಚ್ಚಿದ್ದರಿಂದ ಬರಿಗೈಯಲ್ಲಿ ಹಿಂತಿರುಗಿ ಜಗಲಿಯಲ್ಲಿ ಕುಳಿತಿದ್ದ. ಅಮ್ಮನ ಸಕ್ಕರೆ ಕಾಯಿಲೆಯ ಮದ್ದಿನಿಂದ ಹಿಡಿದು ಎಲ್ಲವೂ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ.

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಬದಲಿ ಎನ್ನುತ್ತಿದ್ದೆವು. ಒಬ್ಬಳಿಗೆ ಬಾಣಂತನವೋ ಜ್ವರವೋ ಬಂದು ಬಹಳ ದಿನ ರಜೆ ಬೇಕಾದರೆ ಅವಳ ತಂಗಿಯೋ ನಾದಿನಿಯೋ ತಾಯಿಯೋ ಬಂದು ಅವಳ ಜಾಗದಲ್ಲಿ ಕೂರುತ್ತಿದ್ದಳು. ಹಾಜರಿಯಲ್ಲಿ ಹೆಸರು ಹಳಬಳದ್ದೇ. ಕರೆದಾಗ ಓಗೊಡುವವಳು ಹೊಸಬಳು. ಇದರಿಂದ ಯಾರ ಹೆಸರೂ ಪುಸ್ತಕದಿಂದ ಹೋಗುತ್ತಿರಲಿಲ್ಲ, ವರ್ಷದ ಕೊನೆಯ ಬೋನಸ್ಸಿಗೂ ತೊಂದರೆಯಿಲ್ಲ. ಕಾರ್ಖಾನೆಯ ಯಜಮಾನರನ್ನು ನಾವು ಧಣಿಗಳು ಎನ್ನುತ್ತಿದ್ದೆವು. ಅವರಿಗೆ ಇದು ಗೊತ್ತಿತ್ತು. "ನನಗೆ ಬೀಜ ಒಡೆದರೆ ಆಯ್ತು ಬಾಯಮ್ಮ, ಯಾರ ಕೈ ಎಂದು ಬೀಜಕ್ಕೆ ಎಂತ ಗೊತ್ತುಂಟು" ಎಂದು ನನ್ನೆದುರೇ ನಕ್ಕಿದ್ದರು. ನಾನೂ ನಕ್ಕಿದ್ದೆ. ಬಡವರಿಗೆ ಒಂದು ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಇವತ್ತಿಗೂ ಅದು ಪೂರ್ತಿ ತಪ್ಪೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಬೇಯಿಸಿದ ಬೀಜವನ್ನು ಮೇಲಿನ ಅಟ್ಟಕ್ಕೆ ಒಯ್ಯಲು ಒಂದು ಯಂತ್ರವಿತ್ತು. ಚೈನಿಗೆ ಕಟ್ಟಿದ ಸಣ್ಣ ಸಣ್ಣ ತಗಡಿನ ಡಬ್ಬಿಗಳು ಕೆಳಗಿನ ಗುಂಡಿಯಿಂದ ಬೀಜ ತುಂಬಿಕೊಂಡು ಮೇಲೆ ಹೋಗಿ ಸುರಿದು ಬರುತ್ತಿದ್ದವು. ಆ ಗುಂಡಿಗೆ ಗೋಣಿಯಿಂದ ಬೀಜ ಸುರಿಯುವ ಕೆಲಸ ಹದಿನಾಲ್ಕು ವರ್ಷದಿಂದ ಒಬ್ಬಳದೇ. ಅವಳನ್ನು ಅಕ್ಕ ಎನ್ನುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಅವಳ ತಂಗಿಯೂ ಬರುತ್ತಾಳೆ. ಚೈನು ಸುತ್ತುವ ಹಲ್ಲಿನ ಚಕ್ರಕ್ಕೆ ಒಂದು ತಗಡಿನ ಮುಚ್ಚಳವಿತ್ತು. ಗೋಣಿಯ ನೂಲು ಆಗಾಗ ಸಿಕ್ಕಿಕೊಳ್ಳುತ್ತಿದ್ದರಿಂದ ಯಾರೋ ಎಂದೋ ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅದು ಅಲ್ಲಿಯೇ ತುಕ್ಕು ಹಿಡಿಯುತ್ತಿತ್ತು. ನೂಲು ಸಿಕ್ಕಿದರೆ ಕೈ ಹಾಕಬಾರದು, ಬಾಯ್ಲರಿನವನಿಗೆ ಕೂಗಿ ಯಂತ್ರ ನಿಲ್ಲಿಸಿ ಆಮೇಲೆ ತೆಗೆಯಬೇಕು. ಅಕ್ಕನ ಆ ಕೂಗು ನನ್ನ ಮೇಜಿನವರೆಗೆ ಕೇಳುತ್ತಿತ್ತು. ದಿನಕ್ಕೆ ಮೂರು ನಾಲ್ಕು ಸಲ ಕೇಳಿ ಕೇಳಿ ನನಗೆ ತಲೆನೋವು ಬರುತ್ತಿತ್ತು.

ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಗಬೇಕೆಂದು ಕಾರ್ಕಳದ ಡಾಕ್ಟರು ಹೇಳಿದರು. ಒಂದೂವರೆ ತಿಂಗಳು ಭಾರ ಎತ್ತಬಾರದು. "ತಂಗಿಯನ್ನು ಕಳಿಸುತ್ತೇನೆ ಬಾಯಮ್ಮ, ನೋಡಿಕೊಳ್ಳಿ" ಎಂದಳು. ನಾನು ಪುಸ್ತಕದಿಂದ ಕಣ್ಣೆತ್ತದೆ "ಆಯ್ತು" ಎಂದೆ. ತಂಗಿಯನ್ನು ಕಾಪುವಿನ ಕಡೆ ಮದುವೆ ಮಾಡಿಕೊಟ್ಟಿದ್ದರು. ಗಂಡ ಬಿಟ್ಟುಹೋಗಿದ್ದ. ಮನೆಯ ಅಂಗಳದಲ್ಲಿ ಮಲ್ಲಿಗೆ ಗಿಡ ಬೆಳೆಸಿ, ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಮಾರುವುದು ಅವಳ ಜೀವನ. ಆ ಕಡೆಯಲ್ಲೆಲ್ಲ ಅವಳಷ್ಟು ಬೇಗ, ಅಷ್ಟು ಒತ್ತಾಗಿ ಹೂ ಕಟ್ಟುವವರು ಇರಲಿಲ್ಲವಂತೆ. ಅಕ್ಕನ ಸಲುವಾಗಿ ಹೂವನ್ನು ನೆರೆಮನೆಯವರಿಗೆ ವಹಿಸಿ ಬಂದಳು.

ಹದಿನೆಂಟು ದಿನ ಬಂದಳು. ನಾನು ಅಕ್ಕನ ಹೆಸರು ಕರೆಯುತ್ತಿದ್ದೆ, ಅವಳು "ಹಾಂ" ಎನ್ನುತ್ತಿದ್ದಳು. ಎರಡನೆಯ ವಾರ ಅಕ್ಕ ಕಾರ್ಕಳದ ನರ್ಸಿಂಗ್ ಹೋಮಿಗೆ ದಾಖಲಾದಳು. ಹದಿನೆಂಟನೆಯ ದಿನ ಹತ್ತೂವರೆಗೆ ಚಹಾ ಬರುವ ಹೊತ್ತಿನಲ್ಲಿ ಒಳಗಿನಿಂದ ಒಂದು ಕೂಗು ಕೇಳಿತು. ನೂಲು ಸಿಕ್ಕಿರಬೇಕು ಎಂದುಕೊಂಡೆ. ಆಮೇಲೆ ಎಲ್ಲರೂ ಕೂಗಿದರು.

ನೂಲು ಸಿಕ್ಕಿದ್ದು ನಿಜವೇ. ಅಷ್ಟು ದಿನ ಮಾಡಿದ ಹಾಗೆಯೇ ಅವಳು ಅದನ್ನು ಕೈಯಿಂದ ಎಳೆಯಲು ಹೋಗಿದ್ದಳು. ಬಲಗೈಯ ಮೂರು ಬೆರಳು ಚಕ್ರ ಮತ್ತು ಚೈನಿನ ನಡುವೆ ಹೋಗಿದ್ದವು. ಕೂಗಿ ಯಂತ್ರ ನಿಲ್ಲಿಸಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಯಾರು ಹೇಳಬೇಕಿತ್ತು? ಹೊಸಬರು ಸೇರಿದರೆ ಮೊದಲ ದಿನ ಅವರನ್ನು ಸುತ್ತ ಕರೆದುಕೊಂಡು ಹೋಗಿ, ಇಲ್ಲಿ ಮುಟ್ಟಬೇಡ, ಅಲ್ಲಿ ನಿಲ್ಲಬೇಡ ಎಂದು ತೋರಿಸುವುದು ನನ್ನದೇ ಕೆಲಸ. ಆದರೆ ಅವಳು ಹೊಸಬಳಾಗಿ ಬಂದಿರಲಿಲ್ಲವಲ್ಲ. ಹದಿನಾಲ್ಕು ವರ್ಷದ ಹೆಸರು ಹೊತ್ತುಕೊಂಡು ಬಂದಿದ್ದಳು. ಹೆಸರಿನ ಜೊತೆಗೆ ಆ ಅನುಭವವೂ ಬಂದಿದೆ ಎಂದು ನಾವೆಲ್ಲ ಸುಮ್ಮನೆ ತಿಳಿದುಕೊಂಡಿದ್ದೆವು.

ಧಣಿಗಳ ಜೀಪಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ನನ್ನ ಹೆಗಲ ಟವೆಲು ಅವಳ ಕೈಗೆ ಸುತ್ತಿದ್ದೆ. ದಾರಿಯುದ್ದಕ್ಕೂ ಅವಳು ಅಳಲಿಲ್ಲ. "ಹೂ ಕಟ್ಟಲಿಕ್ಕೆ ಆಗ್ತದಾ ಬಾಯಮ್ಮ?" ಎಂದು ಒಂದೇ ಮಾತು ಎರಡು ಸಲ ಕೇಳಿದಳು. ಆಗ್ತದೆ ಎಂದೆ. ಕ್ಯಾಜುವಲ್ಟಿಯ ಕೌಂಟರಿನಲ್ಲಿದ್ದವರು "ಪೇಷಂಟ್ ಹೆಸರು?" ಎಂದು ಕೇಳಿದರು. ಅವಳು ನನ್ನ ಪಕ್ಕದಲ್ಲೇ ಸ್ಟ್ರೆಚರಿನ ಮೇಲೆ ಎಚ್ಚರವಾಗಿ ಮಲಗಿದ್ದಳು. ನಾನು ಅಕ್ಕನ ಹೆಸರು ಹೇಳಿದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಆ ಯಂತ್ರದ ಜಾಗಕ್ಕೆ ನನ್ನ ಬಾಯಲ್ಲಿ ಇದ್ದದ್ದು ಆ ಹೆಸರೊಂದೇ. ಹೇಳಿದ ಮೇಲೆ ಯೋಚಿಸಿದೆ: ಹಾಜರಿಯಲ್ಲಿ ಇರುವ ಹೆಸರೇ ಒಳ್ಳೆಯದು, ಇಲ್ಲದಿದ್ದರೆ ಇವಳಿಗೆ ಒಂದು ಪೈಸೆಯೂ ಸಿಗಲಿಕ್ಕಿಲ್ಲ. ಅವಳು ತಲೆ ತಿರುಗಿಸಿ ನನ್ನನ್ನು ನೋಡಿದಳು. ನಾನು ಕಣ್ಣಿನಲ್ಲೇ ಸುಮ್ಮನಿರು ಎಂದೆ. ಅವಳು ಸುಮ್ಮನಾದಳು.

ಮೂರು ಬೆರಳನ್ನೂ ಬುಡದಿಂದ ತೆಗೆಯಬೇಕಾಯಿತು. ಚೀಟಿ, ಎಕ್ಸ್‌ರೇ, ಬಿಲ್ಲು, ಡಿಸ್‌ಚಾರ್ಜ್ ಕಾರ್ಡು ಎಲ್ಲದರಲ್ಲೂ ಅಕ್ಕನ ಹೆಸರೇ ಬಿತ್ತು. ಆಸ್ಪತ್ರೆಯ ಖರ್ಚು ಧಣಿಗಳು ಕೊಟ್ಟರು, ಇಲ್ಲವೆನ್ನಬಾರದು. ಒಂದು ದಿನ ಕಿತ್ತಳೆ ಹಣ್ಣು ತೆಗೆದುಕೊಂಡು ಬಂದು "ಇನ್ಶೂರೆನ್ಸ್ ಉಂಟು, ಅವರು ಕೊಡ್ತಾರೆ, ತಲೆಬಿಸಿ ಮಾಡಬೇಡಿ" ಎಂದು ಹೋದರು. ಕಾರ್ಮಿಕರಿಗೆ ಸರಕಾರದ ವಿಮೆ, ಇಎಸ್‌ಐ, ನಮ್ಮ ಊರಿಗೆ ಆಗ ಬಂದಿರಲಿಲ್ಲ. ಇನ್ಶೂರೆನ್ಸಿನವರು ಆರು ತಿಂಗಳು ಕಾಗದ ಬರೆದುಕೊಂಡೇ ಕಾಲ ಕಳೆದರು. ಕೊನೆಗೆ ಉಡುಪಿಯ ಕಾರ್ಮಿಕ ಅಧಿಕಾರಿಯ ಮುಂದೆ ಪರಿಹಾರದ ಅರ್ಜಿ ಹಾಕುವುದೆಂದಾಯಿತು.

ಅರ್ಜಿ ಬರೆದುಕೊಟ್ಟದ್ದು ಯೂನಿಯನ್ನಿನ ಒಬ್ಬ ಹಿರಿಯರು. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಕಡಿಯಾಳಿಯ ಒಂದು ಸಣ್ಣ ಕೋಣೆಯಲ್ಲಿ ಆಫೀಸು. ಬಡವರಿಂದ ಒಂದು ಲೋಟ ಚಹಾ ಕುಡಿಯಲೂ ಹಿಂಜರಿಯುವ ಮನುಷ್ಯ. ಅವರ ಎದುರು ತಂಗಿ ಎಡಗೈಯಲ್ಲಿ ಅಕ್ಕನ ಹೆಸರಿನ ಸಹಿ ಹಾಕಿದಳು. ಅದನ್ನು ಮನೆಯಲ್ಲಿ ಕುಳಿತು ಕಲಿಯಲು ಹೇಳಿದ್ದು ನಾನೇ. "ನಿಮ್ಮ ಹೆಸರು ಇದೇ ಅಲ್ವಾ?" ಎಂದು ಹಿರಿಯರು ಕೇಳಿದರು. ಅವಳು ನನ್ನನ್ನು ನೋಡಿ ಹೌದು ಎಂದಳು. ಅವರಿಗೆ ನಿಜ ಹೇಳಬಹುದಿತ್ತು. ಅವರು ನಮ್ಮ ಪರವಾಗಿಯೇ ಇದ್ದರು. ಆದರೆ ಹಾಜರಿ ಪುಸ್ತಕ ಎಂದರೆ ನಮಗೆಲ್ಲ ಒಂದು ದೇವರ ಪೆಟ್ಟಿಗೆಯ ಹಾಗೆ. ಅದರಲ್ಲಿ ಇರುವುದೇ ಸತ್ಯ, ಅದರಲ್ಲಿ ಇಲ್ಲದವಳು ಕಾರ್ಖಾನೆಯಲ್ಲೂ ಇರಲಿಲ್ಲ. ಹಾಗೆ ನಾನೇ ಇಬ್ಬರಿಗೂ ಹೇಳಿಕೊಟ್ಟಿದ್ದೆ. ಕಾನೂನು ಏನು ಹೇಳುತ್ತದೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವರ ಹಾಗೆ ಮಾತಾಡಿದ್ದು ಮಾತ್ರ ಸತ್ಯ.

ಅಷ್ಟು ತಿಂಗಳು ಅಕ್ಕ ಕೆಲಸಕ್ಕೆ ಬರುವ ಹಾಗಿರಲಿಲ್ಲ. ಬೆರಳು ಹೋದವಳು ಎಂದು ಕಾಗದದಲ್ಲಿ ಇರುವವಳು ಹತ್ತು ಬೆರಳಿಟ್ಟುಕೊಂಡು ಗೋಣಿ ಸುರಿಯುವುದು ಹೇಗೆ? ಆಪರೇಷನ್ನಿನ ಗಾಯ ಮಾಗಿ ಗಟ್ಟಿಯಾದ ಮೇಲೂ ಅವಳು ಮನೆಯಲ್ಲೇ ಕುಳಿತಳು. ಪೇಟೆಗೆ ಹೋಗುವಾಗ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳಂತೆ. ತಂಗಿ ತನ್ನ ಊರಿನಲ್ಲಿ, ಜಾರಿ ಬಿದ್ದೆ, ಕಲ್ಲಿನಡಿ ಕೈ ಸಿಕ್ಕಿತು ಎಂದು ಹೇಳಿಕೊಂಡಿದ್ದಳು. ಒಂದು ಕೈ ಕಳೆದುಕೊಂಡದ್ದಕ್ಕೆ ಇಬ್ಬರು ಹೆಂಗಸರು ಎರಡು ಊರಿನಲ್ಲಿ ಸುಳ್ಳು ಹೇಳಿಕೊಂಡು ಬದುಕುತ್ತಿದ್ದರು.

ವಿಚಾರಣೆಯ ದಿನ ಬಂತು. ನಾನು ಹಾಜರಿ ಪುಸ್ತಕ ತಂದು ಸಾಕ್ಷಿ ಹೇಳಬೇಕೆಂದು ಕಾಗದ ಬಂದಿತ್ತು. ಕಚೇರಿಯಲ್ಲಿ ಹಳೆಯ ಫ್ಯಾನು, ಉದ್ದನೆಯ ಮೇಜು, ಅದರ ಹಿಂದೆ ಅಧಿಕಾರಿ. ಮೆತ್ತಗೆ ಮಾತಾಡುವ ಮನುಷ್ಯ. ಒಂದು ಕಡೆ ಅಕ್ಕನ ಹೆಸರಿನಲ್ಲಿ ತಂಗಿ, ಅವಳ ಜೊತೆಗೆ ಬಂದವಳ ಹಾಗೆ ಅಕ್ಕ, ಯೂನಿಯನ್ನಿನ ಹಿರಿಯರು. ಇನ್ನೊಂದು ಕಡೆ ಧಣಿಗಳು, ಇನ್ಶೂರೆನ್ಸಿನ ವಕೀಲರು. ನಾನು ಪ್ರಮಾಣ ಮಾಡಿ, ಪುಸ್ತಕ ತೆರೆದು, ಆ ದಿನದ ಗೆರೆ ತೋರಿಸಿದೆ. "ಅಪಘಾತವಾದ ದಿನ ಈ ಹೆಸರಿನವರು ಕೆಲಸದಲ್ಲಿ ಇದ್ದರೇ?" ಎಂದರು. "ಪುಸ್ತಕದಲ್ಲಿ ಉಂಟು" ಎಂದೆ.

ವಕೀಲರು ತಮ್ಮ ಚೀಲದಿಂದ ಒಂದು ಕಾಗದ ತೆಗೆದರು. ಕಾರ್ಕಳದ ನರ್ಸಿಂಗ್ ಹೋಮಿನ ದಾಖಲೆ. ಅದೇ ಹೆಸರು, ಅದೇ ವಿಳಾಸ, ಅದೇ ದಿನ. ಇನ್ಶೂರೆನ್ಸಿನವರು ಯಾರನ್ನೋ ಕಳಿಸಿ ನೆರೆಮನೆಗಳಲ್ಲಿ ವಿಚಾರಿಸಿದ್ದರು. ನೆರೆಯವರು ಆಪರೇಷನ್ನಿನ ಸುದ್ದಿಯನ್ನು ಇದ್ದ ಹಾಗೆ ಹೇಳಿದ್ದರು. "ಒಬ್ಬ ಹೆಂಗಸು ಒಂದೇ ದಿನ ಕಾರ್ಕಳದಲ್ಲಿ ಹೊಟ್ಟೆ ಹೊಲಿಸಿಕೊಂಡು ಮಲಗಿದ್ದಾಳೆ, ಮಣಿಪಾಲದಲ್ಲಿ ಬೆರಳು ತೆಗೆಸಿಕೊಂಡು ಮಲಗಿದ್ದಾಳೆ. ಇದು ಹೇಗೆ ಸ್ವಾಮಿ?" ಎಂದು ವಕೀಲರು ಕೇಳಿದರು. ಯೂನಿಯನ್ನಿನ ಹಿರಿಯರು ತಂಗಿಯ ಮುಖ ನೋಡಿದರು, ಆಮೇಲೆ ನನ್ನ ಮುಖ.

ಅಕ್ಕ ಎದ್ದು ನಿಂತಳು. "ಕಾರ್ಕಳದಲ್ಲಿ ಇದ್ದದ್ದು ನಾನು. ಕೈ ಹೋದದ್ದು ಇವಳದ್ದು. ಇವಳು ನನ್ನ ತಂಗಿ. ನನ್ನ ಬದಲಿಗೆ ಬಂದಿದ್ದಳು" ಎಂದು ತುಳುವಿನಲ್ಲೇ ಹೇಳಿದಳು. ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟಳು. ಅಧಿಕಾರಿ ತಂಗಿಯ ಕಡೆ ತಿರುಗಿ "ನಿಮ್ಮ ನಿಜವಾದ ಹೆಸರು ಏನು?" ಎಂದು ಕೇಳಿದರು. ಅವಳು ಹೇಳಿದಳು. ಹದಿನೆಂಟು ದಿನ ಹಾಜರಿ ಕರೆದು, ಟವೆಲು ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಹಿ ಕಲಿಸಿದ ನಾನು ಆ ಹೆಸರನ್ನು ಮೊದಲ ಸಲ ಕೇಳಿದ್ದು ಅಲ್ಲಿ.

ಅಧಿಕಾರಿ ನನ್ನನ್ನು ಕೇಳಿದರು: "ಹಾಜರಿ ಕರೆಯುವವರು ನೀವು. ಇವರು ಬದಲಿಗೆ ಬಂದದ್ದು ನಿಮಗೆ ಗೊತ್ತಿತ್ತೇ? ಯಜಮಾನರಿಗೆ ಗೊತ್ತಿತ್ತೇ?"

ಧಣಿಗಳು ನನ್ನನ್ನೇ ನೋಡುತ್ತಿದ್ದರು. ಕಣ್ಣು ಕೆಂಪು ಮಾಡಿರಲಿಲ್ಲ, ತಲೆ ಅಲ್ಲಾಡಿಸಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ನನಗೆ ಅಮ್ಮನ ಮದ್ದಿನ ಚೀಟಿ ನೆನಪಾಯಿತು. ಜಗಲಿಯಲ್ಲಿ ಕುಳಿತ ಅಣ್ಣ ನೆನಪಾದ. "ಇವರ ಹೆಸರು ನನಗೆ ಗೊತ್ತಿರಲಿಲ್ಲ. ನಾನು ಹೆಸರು ಕರೆಯುತ್ತೇನೆ, ಮುಖ ನೋಡುವುದಿಲ್ಲ" ಎಂದೆ. ಒಂದೊಂದು ಅಕ್ಷರವೂ ಸತ್ಯ, ಒಟ್ಟು ಮಾತು ಸುಳ್ಳು. ಸಾಕ್ಷಿಗೆ ಈ ವಿಷಯ ತಿಳಿದಿರಲಿಲ್ಲ ಎಂದು ಅಧಿಕಾರಿ ಬರೆಸಿಕೊಂಡರು. ಧಣಿಗಳು ತಮಗೂ ತಿಳಿದಿರಲಿಲ್ಲ ಎಂದರು. ಅರ್ಜಿ ವಜಾ ಆಯಿತು.

ಹೊರಗೆ ಮೆಟ್ಟಿಲ ಮೇಲೆ ಹಿರಿಯರು ನನ್ನನ್ನು ನಿಲ್ಲಿಸಿದರು. ಅವರು ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನನ್ನಲ್ಲಿ ಒಂದು ಮಾತು ಹೇಳಬಹುದಿತ್ತಲ್ಲ. ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ಪರಿಹಾರ ಉಂಟು. ಕೆಲಸ ಮಾಡಿದವರು ಯಾರು, ಮಾಡಿಸಿಕೊಂಡವರಿಗೆ ಗೊತ್ತಿತ್ತಾ, ಅಷ್ಟೇ ಕೇಳುವುದು. ಗೊತ್ತಿತ್ತು ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು."

ಆ ಒಬ್ಬರು ಯಾರೆಂದು ಅವರು ಹೇಳಲಿಲ್ಲ. ಕೊಡೆ ಬಿಡಿಸಿ ನಡೆದರು.

ಆ ಭಾನುವಾರ ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿದೆ. ಪ್ರಮಾಣ ಮಾಡಿ ಸುಳ್ಳು ಹೇಳಿದೆ ಎಂದೆ. ಪಾದ್ರಿಗಳು ವಯಸ್ಸಾದವರು, ಕಿವಿ ಮಂದ. ಮನೆಯಲ್ಲಿ ಆಡುವ ಸಣ್ಣ ಸುಳ್ಳು ಎಂದು ತಿಳಿದರೋ ಏನೋ, ಐದು ನಮೋ ಮರಿಯ ಪ್ರಾರ್ಥನೆ ಹೇಳಿ ಎಂದರು. ಹೇಳಿದೆ. ಮೂರನೆಯದರಲ್ಲಿ ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಎದ್ದು ಹೊರಗೆ ಬಂದುಬಿಟ್ಟೆ. ಉಳಿದ ಎರಡನ್ನು ಇವತ್ತಿಗೂ ಹೇಳಿಲ್ಲ.

ಪುಸ್ತಕದ ಗೆರೆಗಳು ಮುಂದುವರಿದವು. ಆದರೆ ಹೆಸರು ಕರೆಯುವಾಗ ನಾನು ತಲೆ ಎತ್ತಲು ಶುರು ಮಾಡಿದೆ. ಏಳು ನಿಮಿಷದ ಕೆಲಸ ಇಪ್ಪತ್ತು ನಿಮಿಷವಾಯಿತು. ಹೆಂಗಸರು ಗೊಣಗಿದರು. "ಬಾಯಮ್ಮನಿಗೆ ಎಂತ ಆಗಿದೆ ಮಾರಾಯ್ತಿ, ಪೊಲೀಸರ ಹಾಗೆ ನೋಡ್ತಾರೆ" ಎಂದು ಒಬ್ಬಳು ಹೇಳಿದ್ದು ಕೇಳಿಸಿತು. ಮಧ್ಯಾಹ್ನದ ಊಟಕ್ಕೆ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ.

ಅಪಘಾತವಾಗಿ ಎರಡು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಉಂಟೆಂದು ಹಿರಿಯರು ಹೇಳಿದ್ದರು. ಒಂದು ತಿಂಗಳು ಉಳಿದಿತ್ತು. ಒಂದು ದಿನ ರಜೆ ಹಾಕಿ ಕಾಪುವಿನ ಬಸ್ಸು ಹತ್ತಿದೆ. ತಂಗಿಯ ಮನೆ ರೈಲುಹಳಿಯ ಆಚೆ ಬದಿ, ಕೇಳುತ್ತಾ ಕೇಳುತ್ತಾ ಹೋದೆ. ಅಕ್ಕ ಆಗ ಅಲ್ಲೇ ಇದ್ದಳು. ಅವಳ ಹೆಸರನ್ನು ಧಣಿಗಳು ಪುಸ್ತಕದಿಂದ ತೆಗೆಸಿದ್ದರು. ತೆಗೆದವಳು ನಾನೇ, ಕೆಂಪು ಶಾಯಿಯಲ್ಲಿ.

ಅಕ್ಕ ಜಗಲಿಯಲ್ಲಿ ಹೂ ಕಟ್ಟುತ್ತಿದ್ದಳು. ಹದಿನಾಲ್ಕು ವರ್ಷ ಗೋಣಿ ಎತ್ತಿದ ಬೆರಳು, ಮೊಗ್ಗು ಜಾರಿ ಜಾರಿ ಬೀಳುತ್ತಿತ್ತು. ತಂಗಿ ಪಕ್ಕದಲ್ಲಿ ಕುಳಿತು ಎಡಗೈಯಲ್ಲಿ ಮೊಗ್ಗನ್ನು ಜೋಡಿಸಿ ಜೋಡಿಸಿ ಕೊಡುತ್ತಿದ್ದಳು. "ಹಾಗಲ್ಲ ಅಕ್ಕ, ನಾರು ಎಳೆಯುವಾಗ ಹೆಬ್ಬೆಟ್ಟು ಒತ್ತಿ ಹಿಡಿ" ಎಂದು ಹೇಳಿ, ತೋರಿಸಲು ಬಲಗೈ ಎತ್ತಿ, ಮತ್ತೆ ಮಡಿಲಲ್ಲಿ ಇಟ್ಟುಕೊಂಡಳು. ನಾನು ಅಂಗಳದಲ್ಲಿ ನಿಂತದ್ದನ್ನು ಇಬ್ಬರೂ ನೋಡಿದ್ದರು. ಬನ್ನಿ ಎನ್ನಲಿಲ್ಲ. ನಮ್ಮ ಕಡೆ ಶತ್ರು ಬಂದರೂ ಮೊದಲು ಬೆಲ್ಲ ನೀರು ಕೊಡುತ್ತಾರೆ. ನನಗೆ ಅದೂ ಬರಲಿಲ್ಲ.

"ಇನ್ನೊಂದು ಅರ್ಜಿ ಹಾಕುವ. ಈ ಸಲ ನಿನ್ನ ಹೆಸರಿನಲ್ಲಿ. ನಾನು ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ" ಎಂದೆ.

ತಂಗಿ ಕೈಯಲ್ಲಿದ್ದ ಮೊಗ್ಗನ್ನು ಅಕ್ಕನಿಗೆ ಕೊಟ್ಟಳು. ಆಮೇಲೆ ಹೇಳಿದಳು: "ಆ ದಿನ ಕೌಂಟರಿನಲ್ಲಿ ನನಗೆ ಪ್ರಜ್ಞೆ ಇತ್ತು ಬಾಯಮ್ಮ. ಬಾಯಿಯೂ ಇತ್ತು. ಹೆಸರು ಎಂತ ಎಂದು ನೀವು ನನ್ನಲ್ಲಿ ಕೇಳಲಿಲ್ಲ."

"ನಿನಗೆ ಒಳ್ಳೆಯದಾಗಲಿ ಎಂದೇ..." ಎಂದು ಶುರು ಮಾಡಿದೆ.

"ಗೊತ್ತುಂಟು" ಎಂದಳು. "ಅದಕ್ಕೇ ಸಿಟ್ಟು ಮಾಡಲಿಕ್ಕೂ ಆಗುವುದಿಲ್ಲ."

ನಾನು ಅತ್ತೆ. ಅವರ ಎದುರು ಅಳಬಾರದು ಎಂದುಕೊಂಡೇ ಹೋಗಿದ್ದೆ, ಆದರೂ ಅತ್ತೆ. ಆಗ ಅಕ್ಕ ಒಳಗೆ ಹೋಗಿ ಒಂದು ಚೊಂಬು ನೀರು ಮತ್ತು ಬೆಲ್ಲದ ತುಂಡು ತಂದು ಜಗಲಿಯ ತುದಿಯಲ್ಲಿ ಇಟ್ಟಳು. ಕೈಗೆ ಕೊಡಲಿಲ್ಲ. ಕುಡಿದು ಬಂದೆ.

ಗಡುವಿನೊಳಗೆ ತಂಗಿ ತನ್ನದೇ ಹೆಸರಿನಲ್ಲಿ ಅರ್ಜಿ ಹಾಕಿದಳು. ಎರಡನೆಯ ವಿಚಾರಣೆ ಮತ್ತೆ ಒಂದು ವರ್ಷ ಎಳೆಯಿತು. ಪದ್ಧತಿ ಏನು, ಎಷ್ಟು ಮಂದಿ ಬದಲಿಗೆ ಬರುತ್ತಿದ್ದರು, ಧಣಿಗಳು ನನ್ನೆದುರು ಏನು ಹೇಳಿ ನಕ್ಕಿದ್ದರು, ತಗಡಿನ ಮುಚ್ಚಳ ಎಲ್ಲಿ ಒರಗಿಸಿದ್ದರು, ಎಲ್ಲವನ್ನೂ ಹೇಳಿದೆ. ಧಣಿಗಳ ಕಡೆಯ ವಕೀಲರು ಹಳೆಯ ಹೇಳಿಕೆಯನ್ನು ಓದಿದರು.

"ಅಂದು ಸುಳ್ಳು ಹೇಳಿದಿರೋ, ಇಂದು ಸುಳ್ಳು ಹೇಳುತ್ತಿದ್ದೀರೋ?"

"ಅಂದು."

"ಯಾಕೆ?"

"ಸಂಬಳ ಹೋಗುತ್ತದೆ ಎಂಬ ಹೆದರಿಕೆಯಿಂದ."

"ಹಾಗಾದರೆ ನೀವು ಪ್ರಮಾಣ ಮಾಡಿ ಸುಳ್ಳು ಹೇಳುವವರು."

"ಒಮ್ಮೆ ಹೇಳಿದ್ದೇನೆ. ಅದಕ್ಕೆ ಏನು ಶಿಕ್ಷೆ ಉಂಟೋ ಕೊಡಿ" ಎಂದೆ. ನನ್ನ ಧ್ವನಿ ಏರಿತ್ತು. ಅಧಿಕಾರಿ ನಿಧಾನವಾಗಿ ಹೇಳಿ ಎಂದರು.

ಶಿಕ್ಷೆ ಕಚೇರಿಯಿಂದ ಬರಲಿಲ್ಲ, ಕಾರ್ಖಾನೆಯಿಂದ ಬಂತು. ಮರುದಿನ ನನ್ನ ಮೇಜಿನಲ್ಲಿ ಬೇರೊಬ್ಬರು ಕುಳಿತಿದ್ದರು. ಅದಕ್ಕಿಂತ ಹೆಚ್ಚು ನೋವಾದದ್ದು ಆಮೇಲೆ ಕೇಳಿದ ಸುದ್ದಿಯಿಂದ. ಧಣಿಗಳು ಎಲ್ಲ ಹೆಂಗಸರಿಗೂ ಫೋಟೋ ಹಾಕಿದ ಕಾರ್ಡು ಮಾಡಿಸಿದರು. ಬದಲಿ ನಿಂತುಹೋಯಿತು. ಮೊದಲ ತಿಂಗಳೇ ಹೆರಿಗೆಗೆ ಹೋದ ಒಬ್ಬಳು ಹಿಂತಿರುಗಿದಾಗ ಅವಳ ಜಾಗದಲ್ಲಿ ಬೇರೆಯವಳಿದ್ದಳು. ಆಮೇಲೊಮ್ಮೆ ಅವಳು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಮುಖ ತಿರುಗಿಸಿದಳು. ಅವಳಿಗೆ ನಾನೇನು ಹೇಳುವುದಿತ್ತು? ಒಬ್ಬಳ ಕೈಗೆ ಬೆಲೆ ಸಿಗಲೆಂದು ಉಳಿದವರ ಒಂದು ಆಸರೆಯನ್ನು ಕಿತ್ತಿದ್ದೆ. ಮಣಿಪಾಲದ ಒಂದು ಝೆರಾಕ್ಸ್ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿತು, ಮೊದಲಿನ ಅರ್ಧ ಸಂಬಳಕ್ಕೆ.

ಆದೇಶ ತಂಗಿಯ ಪರವಾಗಿ ಬಂತು. ವಿಚಿತ್ರವೆಂದರೆ ನಮ್ಮನ್ನು ಮೊದಲ ಸಲ ಮುಳುಗಿಸಿದ ಕಾರ್ಕಳದ ಕಾಗದವೇ ಈ ಸಲ ಕೈ ಹಿಡಿಯಿತು. ಅಕ್ಕ ಅಲ್ಲಿ ಮಲಗಿದ್ದಳೆಂದರೆ ಯಂತ್ರದ ಹತ್ತಿರ ಇದ್ದವಳು ಬೇರೆ ಯಾರೋ ಆಗಲೇಬೇಕಲ್ಲ. ಪರಿಹಾರ ಲೆಕ್ಕ ಹಾಕುವುದಕ್ಕೆ ಒಂದು ಕೋಷ್ಟಕ ಉಂಟು: ವಯಸ್ಸು, ಕೂಲಿ, ಹೋದ ಬೆರಳು. ಮಲ್ಲಿಗೆ ಕಟ್ಟುವ ವಿಷಯ ಆ ಕೋಷ್ಟಕದಲ್ಲಿ ಇರಲಿಲ್ಲ. ಅವಳು ಬೀಜ ಸುರಿದದ್ದು ಹದಿನೆಂಟು ದಿನ, ಹೂ ಕಟ್ಟಿದ್ದು ಇಪ್ಪತ್ತು ವರ್ಷ. ಅದನ್ನು ಅಧಿಕಾರಿಗೆ ಹೇಳಿದೆ. ಅವರು ಕೇಳಿಸಿಕೊಂಡರು, ಬರೆದುಕೊಳ್ಳಲಿಲ್ಲ.

ಧಣಿಗಳು ಕಟ್ಟಿದ ಹಣದ ಚೆಕ್ಕು ತೆಗೆದುಕೊಳ್ಳಲು ಅವಳು ಕಚೇರಿಗೆ ಬರಬೇಕಿತ್ತು. ಜೊತೆಗೆ ಅವಳನ್ನು ಗುರುತಿಸಿ ಸಹಿ ಹಾಕುವವರು ಒಬ್ಬರು ಬೇಕು. ಯೂನಿಯನ್ನಿನ ಹಿರಿಯರು ತಾವೇ ಹಾಕುವುದಾಗಿ ಹೇಳಿದ್ದರಂತೆ. ಅವಳು ಬೇಡ ಎಂದಳಂತೆ. "ಆ ದಿನ ಕೌಂಟರಿನಲ್ಲಿ ನನ್ನ ಬದಲಿಗೆ ಹೆಸರು ಹೇಳಿದ್ದು ಬಾಯಮ್ಮ ಅಲ್ವಾ. ಈಗಲೂ ಅವರೇ ಹೇಳಲಿ" ಎಂದಳೆಂದು ಹಿರಿಯರು ಝೆರಾಕ್ಸ್ ಅಂಗಡಿಗೆ ಬಂದು ತಿಳಿಸಿದರು.

ಹೋದೆ. ಗುಮಾಸ್ತರು ಕಾಗದವನ್ನು ಅವಳ ಮುಂದೆ ಇಟ್ಟರು. ಅವಳು ಎಡಗೈಯಲ್ಲಿ ತನ್ನ ಹೆಸರು ಬರೆದಳು. ಅಕ್ಕನ ಸಹಿಯನ್ನು ಸರಾಗವಾಗಿ ಹಾಕಲು ಕಲಿತಿದ್ದ ಕೈಗೆ ಸ್ವಂತ ಹೆಸರು ಬರೆಯಲು ಬಹಳ ಹೊತ್ತು ಹಿಡಿಯಿತು. ಗುಮಾಸ್ತರು ಕಾಗದವನ್ನು ನನ್ನ ಕಡೆ ತಿರುಗಿಸಿದರು. ಮೇಲೆ ಹೇಳಿದ ಹೆಸರಿನವರು ಇವರೇ ಎಂದು ನಾನು ಬಲ್ಲೆ, ಎಂದು ಅಚ್ಚಾಗಿತ್ತು. ಪೆನ್ನು ತೆಗೆದೆ. ಗುಮಾಸ್ತರು ದಿನಾ ಎಲ್ಲರಿಗೂ ಹೇಳುವ ಮಾತನ್ನೇ ನನಗೂ ಹೇಳಿದರು: "ಮುಖ ನೋಡಿ ಸಹಿ ಹಾಕಬೇಕು."

ತಲೆ ಎತ್ತಿ ನೋಡಿದೆ. ಇಷ್ಟು ವರ್ಷ ಅವಳನ್ನು ಕಂಡಾಗಲೆಲ್ಲ ನನ್ನ ಕಣ್ಣು ಹೋಗುತ್ತಿದ್ದದ್ದು ಕೈಗೆ. ದುಂಡು ಮುಖ, ಅಗಲವಾದ ಹಣೆ, ಎಡಗೆನ್ನೆಯ ಮೇಲೆ ದೊಡ್ಡ ಮಚ್ಚೆ. ಪಕ್ಕದಲ್ಲಿ ಅಕ್ಕ ನಿಂತಿದ್ದಳು, ಉದ್ದ ಮುಖದವಳು, ಎಣ್ಣೆಗಪ್ಪು ಬಣ್ಣದವಳು. ಇಬ್ಬರಿಗೂ ಎಲ್ಲಿಯೂ ಹೋಲಿಕೆ ಇರಲಿಲ್ಲ. ಹದಿನೆಂಟು ದಿನದಲ್ಲಿ ಒಂದು ಬೆಳಿಗ್ಗೆ ತಲೆ ಎತ್ತಿದ್ದರೂ ಇವಳು ಹೊಸಬಳು ಎಂದು ಕಣ್ಣಿಗೆ ಹೊಡೆಯುತ್ತಿತ್ತು. ಎದ್ದು ಹೋಗಿ, ನೂಲು ಸಿಕ್ಕಿದರೆ ಕೈ ಹಾಕಬೇಡ, ಕೂಗು ಎಂದು ಹೇಳುತ್ತಿದ್ದೆ.

ಅವಳು ನನ್ನನ್ನು ನೋಡುತ್ತಾ ಕಾಯುತ್ತಿದ್ದಳು. ಅವಳ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ, ಸಹಿ ಹಾಕಿದೆ.